ಅರವತ್ತೊಂದು ಖಾಲಿ ನಂಬರು

ಫೆಬ್ರವರಿ 10, ಸೋಮವಾರ

ಹತ್ತಿ ಬೀಜದ ಕಂಪನಿಯವರು ಕೊಟ್ಟ ಈ ಡೈರಿ ಒಂದೂವರೆ ತಿಂಗಳಿಂದ ಗೂಟಕ್ಕೆ ತೂಗಾಡುತ್ತಿತ್ತು. ಬರೆಯುವಂಥದ್ದು ಏನೂ ನಡೆದಿರಲಿಲ್ಲ. ಇವತ್ತು ನಡೆಯಿತು. ನಮ್ಮ ಕುರಿ ಸಾಕುವವರ ಸಂಘಕ್ಕೆ ಆಡಿಟ್ ಬಂದಿದೆ. ಲೆಕ್ಕಪತ್ರದ ಆಡಿಟ್ ಅಲ್ಲ, ಅದು ವರ್ಷಕ್ಕೊಮ್ಮೆ ಬಂದು ಮಿರ್ಚಿ ಬಜ್ಜಿ ತಿಂದು ಹೋಗುತ್ತದೆ. ಇದು ಕಂಪ್ಯೂಟರಿನ ಆಡಿಟ್. ಕಂಪ್ಯೂಟರಿನೊಳಗೆ ಇರಬೇಕಾದದ್ದೆಲ್ಲ ಇದೆಯೋ ಇಲ್ಲವೋ ಎಂದು ನೋಡುವುದಂತೆ. ಆಂಧ್ರದ ಗಡಿಯ ನಮ್ಮ ಆದೋನಿ ಕಡೆ ಇದೇ ಮೊದಲನೆಯದು ಎಂದು ಟೀ ಅಂಗಡಿಯಲ್ಲಿ ಹೇಳಿ ಬಂದೆ. ನಿಜವೋ ಸುಳ್ಳೋ ಗೊತ್ತಿಲ್ಲ, ಇನ್ನು ಮೇಲೆ ನಿಜ. ನಾನೂ ಅರ್ಧ ಆಡಿಟ್ ಆಫೀಸರೇ ಎಂದು ಸೇರಿಸಿದೆ.

ಬಂದವರ ಹೆಸರು ಗಂಗೋತ್ರಿ. ಕರ್ನೂಲಿನವರು, ಮೂವತ್ತು ದಾಟಿಲ್ಲ, ತೆಲುಗಿನಲ್ಲೇ ಮಾತು. ಕುರಿಗಳ ಕಿವಿಗೆ ನಂಬರಿನ ಬಿಲ್ಲೆ ಹಾಕಿದ್ದು ಯಾರು ಎಂದು ಕೇಳಿದರು. ಎಲ್ಲರೂ ನನ್ನತ್ತ ಬೆರಳು ತೋರಿಸಿದರು. ತೋರಿಸಲೇಬೇಕು. ಊರ ಕನ್ನಡ ಶಾಲೆಯಲ್ಲಿ ಏಳನೆಯ ಕ್ಲಾಸು ಪಾಸಾದ ಈ ಜಂಬುನಾಥನೇ ನವೆಂಬರಿನಿಂದ ಜನವರಿಯವರೆಗೆ ಅರವತ್ತೊಂದು ಹಿಂಡು ಸುತ್ತಿ, ನಲವತ್ಮೂರು ಡಬ್ಬಿ ಬಿಲ್ಲೆ ಖಾಲಿ ಮಾಡಿದವನು. ಎಲ್ಲವನ್ನೂ ಬರೆದಿದ್ದೀರಾ ಎಂದರು. ಒಂದೂ ಬಿಟ್ಟಿಲ್ಲ ಎಂದೆ. ಅವರು ಅದನ್ನು ಇಂಗ್ಲಿಷಿನಲ್ಲಿ ಬರೆದುಕೊಂಡರು. ನನ್ನ ಮಾತು ಇಂಗ್ಲಿಷಿಗೆ ಹೋದದ್ದು ಇದೇ ಮೊದಲು.

ನಾನು ಕೊಟ್ಟ ಚೀಟಿ ನೋಡಿ ಕಂಪ್ಯೂಟರಿಗೆ ಹಾಕುವವಳು ಶಿವಲೀಲಾ, ನಮ್ಮ ಎರ್ರಮ್ಮಕ್ಕನ ಮಗಳು. ಆ ಕೆಲಸ ಕೊಡಿಸಿದ್ದು ನಾನೇ. ಪರೀಕ್ಷೆ ಬರೆದದ್ದು ಅವಳು, ಆದರೆ ಪರೀಕ್ಷೆಯ ದಿನ ಬಸ್ಸು ಹತ್ತಿಸಿದ್ದು ಯಾರು?

ಫೆಬ್ರವರಿ 11, ಮಂಗಳವಾರ

ಮೇಡಂ ಕೆಲಸ ಮಾಡುವ ರೀತಿ ನೋಡಿ ಕುಳಿತಲ್ಲಿ ಕೂರಲಾಗಲಿಲ್ಲ. ಡಬ್ಬಿಯಲ್ಲಿ ಬಿಲ್ಲೆಗಳು ಒಂದರ ಹಿಂದೊಂದು ನಂಬರಿನಂತೆ ಬರುತ್ತವೆ. ನಾನು ಕಿವಿಗೆ ಚುಚ್ಚಿ, ಅದೇ ನಂಬರನ್ನು ಮಾಲೀಕನ ಹೆಸರಿನ ಜೊತೆ ಚೀಟಿಯಲ್ಲಿ ಬರೆಯುತ್ತೇನೆ. ಚೀಟಿ ಶಿವಲೀಲಾಳ ಕೈಗೆ, ಅಲ್ಲಿಂದ ಕಂಪ್ಯೂಟರಿಗೆ. ಡಬ್ಬಿಗಳು ಖಾಲಿಯಾಗಿದ್ದರೆ ಮೊದಲ ನಂಬರಿನಿಂದ ಕೊನೆಯದರ ತನಕ ಎಲ್ಲವೂ ಒಳಗಿರಬೇಕು. ಸಾಮಾನ್ಯ ಮನುಷ್ಯ ಇರುವುದನ್ನು ನೋಡುತ್ತಾನೆ. ಆಡಿಟ್ ಮಾಡುವವರು ಇಲ್ಲದ್ದನ್ನು ನೋಡುತ್ತಾರೆ. ಮೇಡಂ ಏನೋ ಒತ್ತಿದರು. ಪರದೆಯ ಮೇಲೆ ಬರೀ ಇಲ್ಲದ ನಂಬರುಗಳ ಪಟ್ಟಿ ಬಂತು.

ಅರವತ್ತೊಂದು. ಒಂದೊಂದು ಹಿಂಡಿನ ಸಾಲು ಮುಗಿಯುವ ಕಡೆ ಒಂದೊಂದು ಖಾಲಿ. ನನಗೆ ಕಳ್ಳನ ಹೆಜ್ಜೆ ಗುರುತು ಸಿಕ್ಕಂತೆ ಆಯಿತು. ಶಿವಲೀಲಾ ಚೀಟಿಗಳ ಕಟ್ಟು ಬಿಚ್ಚಿ ಹುಡುಕಿದಳು. ಆ ನಂಬರುಗಳ ಚೀಟಿಯೂ ಇಲ್ಲ.

ಸಂಜೆ ಟೀ ಅಂಗಡಿಯ ಇಸ್ಪೀಟು ಎಲೆಗಳನ್ನು ಇದೇ ಪದ್ಧತಿಯಲ್ಲಿ ಸಾಲಾಗಿ ಜೋಡಿಸಿದೆ. ಕಳಾವರ್ ಏಳು ಇಲ್ಲ. ಹತ್ತು ವರ್ಷದಿಂದ ಐವತ್ತೊಂದು ಎಲೆಯಲ್ಲಿ ಆಡುತ್ತಿದ್ದಾರೆ. ಇಬ್ಬರು ತಮ್ಮ ಹಳೆಯ ಸೋಲುಗಳೆಲ್ಲ ಸೋಲೇ ಅಲ್ಲವೆಂದು ಜಗಳ ತೆಗೆದರು. ನಾನು ಟೀ ಮುಗಿಸಿ ಎದ್ದು ಬಂದೆ.

ಫೆಬ್ರವರಿ 13, ಗುರುವಾರ

ಸಂಘದ ಕಾರ್ಯದರ್ಶಿ ಲಕ್ಷ್ಮಿಕಾಂತ್ ಇವತ್ತು ಕುರ್ಚಿ ಬಿಟ್ಟು ಎದ್ದು ಬಂದ. ಅವನು ಎದ್ದರೆ ಯಾರಿಗೋ ಕೆಟ್ಟದ್ದು ಕಾದಿದೆ ಎಂದೇ ಲೆಕ್ಕ.

"ಹಿಂಡಿಗಿ ಒಂದೊಂದು ಅಂದ್ರ ಅದು ಕೈತಪ್ಪಲ್ಲ, ಕೈಚಳಕ," ಎಂದ. "ಜಂಬಣ್ಣ ಬರದು ಕೊಟ್ಟಾನ, ಈಕಿ ಹಾಕಿಲ್ಲ. ಚೀಟೀನೂ ಹರದು ಒಗದಾಳ."

ಶಿವಲೀಲಾ ನನ್ನ ಕಡೆ ತಿರುಗಿದಳು.

"ಮಾವ, ನೀ ಎಲ್ಲಾ ಚೀಟಿ ಕೊಟ್ಟಿಯೇನು?"

"ಕುರಿಗೊಂದು ಚೀಟಿ. ಕೊಟ್ಟೀನಿ," ಎಂದೆ. ಸುಳ್ಳಲ್ಲ. ಕೊಟ್ಟಿದ್ದೇನೆ.

ಇಪ್ಪತ್ತೆರಡಕ್ಕೆ ಕಮಿಟಿ ಸಭೆ. ಅಷ್ಟರಲ್ಲಿ ಕಾರಣ ಸಿಗದಿದ್ದರೆ ತಪ್ಪು ಕಂಪ್ಯೂಟರಿಗೆ ಹಾಕಿದವರದ್ದು ಎಂದು ಬರೆದು ಅವಳನ್ನು ತೆಗೆಯುತ್ತಾರಂತೆ. ತೆಗೆಯುವುದು ಹಾಗಿರಲಿ, ಬೇಕೆಂದೇ ಅಳಿಸಿದಳು ಎಂಬ ಮಾತು ಅವಳ ಬೆನ್ನು ಹತ್ತುತ್ತದೆ. ಆಫೀಸಿನ ಕೀಲಿಕೈಯನ್ನು ಲಕ್ಷ್ಮಿಕಾಂತ್ ಅವಳಿಂದ ಇಸಿದುಕೊಂಡ. ನಾನು ಬಿಡುವವನಲ್ಲ. ನಮ್ಮ ಹುಡುಗಿಯ ಮೇಲೆ ಅಪವಾದ ಹೊರಿಸಿದ ಕಳ್ಳನನ್ನು ಹಿಡಿದು ತಂದು ಸಭೆಯ ಮುಂದೆ ನಿಲ್ಲಿಸುತ್ತೇನೆ. ನನ್ನ ಅನುಮಾನ ಸದ್ಯಕ್ಕೆ ಇಲಿಗಳ ಮೇಲಿದೆ.

ಫೆಬ್ರವರಿ 17, ಸೋಮವಾರ

ಇವತ್ತಿನದನ್ನು ಕ್ರಮವಾಗಿ ಬರೆಯಬೇಕು.

ಕಂಪ್ಯೂಟರಿನಿಂದ ಚೀಟಿಗೆ ಹೋದದ್ದಾಯಿತು, ಇನ್ನು ಕುರಿಯಿಂದ ಕಂಪ್ಯೂಟರಿಗೆ ಬರೋಣ ಎಂದರು ಮೇಡಂ. ಒಂದು ಹಿಂಡನ್ನು ತಾವೇ ಆರಿಸಿದರು, ಪೆದ್ದಹರಿವಾಣದ ಸುಂಕೇಶನದು. ಮೊದಲೇ ಅವನಿಗೆ ಹೇಳಿಡೋಣವೆಂದು ನಾನು ಫೋನು ತೆಗೆದರೆ, ಅದನ್ನು ನಗುತ್ತಲೇ ಇಸಿದುಕೊಂಡು ತಮ್ಮ ಚೀಲಕ್ಕೆ ಹಾಕಿಕೊಂಡರು. ಬೈಕಿನಲ್ಲಿ ಇಬ್ಬರೂ ಹೋದೆವು. ಹತ್ತಿ ಕಿತ್ತ ಹೊಲದಲ್ಲಿ ಬಲೆ ಕಟ್ಟಿ ಹಿಂಡು ಕೂಡಿದ್ದ. ಆಡಿಟ್ ಎಂದರೆ ಹೆದರುವವನಲ್ಲ ಸುಂಕೇಶ, ನನಗಿಂತ ಹತ್ತು ವರ್ಷ ಚಿಕ್ಕವನಾದರೂ ನನ್ನನ್ನೇ ಆಡಿಸುವವನು. ಇಷ್ಟು ದಪ್ಪ ಮನುಷ್ಯನನ್ನು ಹೊತ್ತ ಬೈಕಿನ ಮೈಗೆ ಮೊದಲು ಔಷಧಿ ಹಚ್ಚಬೇಕು ಎಂದ.

ಬಲೆಯ ಬಾಯಿ ಬಿಚ್ಚಿದೆವು. ಒಂದು ಕಡೆ ಮೇಡಂ, ಒಂದು ಕಡೆ ನಾನು, ನಡುವೆ ಒಂದೊಂದೇ ಕುರಿ. ನಾನು ಒಂದಕ್ಕೊಂದು ಬೆಣಚುಕಲ್ಲು ಜೇಬಿಗೆ ಹಾಕಿದೆ. ಅವರು ಕಿವಿ ನೋಡಿ ನಂಬರಿಗೆ ಗೀಟು ಹಾಕಿದರು. ಅರವತ್ತೆಂಟು. ಕಂಪ್ಯೂಟರಿನಲ್ಲೂ ಅರವತ್ತೆಂಟು. ನಾನು ಮೀಸೆ ತಿರುವಿದೆ. ಮೇಡಂ ಪೆನ್ನು ಕಚ್ಚಿ ನಿಂತರು. ಕುರಿ ಸರಿ ಬಂತು, ಹಾಗಾದರೆ ಈ ಹಿಂಡಿನ ಖಾಲಿ ನಂಬರು ಎಲ್ಲಿ?

ಆಮೇಲೆ ಅವರು ಸುಂಕೇಶನನ್ನು ನೋಡಿದರು. ಅವನು ಮೊದಲಿನಿಂದಲೂ ಬೇವಿನ ಗಿಡದ ಕೆಳಗೆ ನಿಂತಿದ್ದ. ಹೆಗಲ ಮೇಲೆ ಒಂದು ಬಿಳಿ ಹಣೆಯ ಹೆಣ್ಣು ಕುರಿ, ನಾಲ್ಕು ಕಾಲನ್ನೂ ಎದೆಯ ಮುಂದೆ ಹಿಡಿದಿದ್ದ. ಎಣಿಸುವಾಗ ಹಾಗೆ ನಿಲ್ಲುವುದೇ ಪದ್ಧತಿ, ಅದರಲ್ಲಿ ನೋಡುವಂಥದ್ದೇನಿಲ್ಲ. ಅದು ಯಾವುದು ಎಂದು ಮೇಡಂ ಕೇಳಿದರು.

"ಇದು ಲೆಕ್ಕಕ್ಕಿಲ್ರೀ ಮೇಡಂ. ಸ್ವಾಮಿದು, ದೇವ್ರಿಗಿ ಬಿಟ್ಟಿದ್ದು."

"ಗೊರ್ರೆ ಕಾದಾ?" ಎಂದರು ಅವರು, ಕುರಿ ಅಲ್ಲವೇ ಎಂದು.

"ಕುರಿನಾ. ಆದ್ರ ಎಣಸಂಗಿಲ್ಲ. ಎಲ್ಲಾ ಎಣಿಸಿಬಿಟ್ರ ಹಿಂಡು ಅಲ್ಲಿಗೇ ನಿಂತುಬಿಡ್ತೈತಿ. ಒಂದು ಬಿಟ್ರ ಮುಂದಕ್ಕ ಬೆಳೀತೈತಿ."

ಮೇಡಂ ಹತ್ತಿರ ಹೋಗಿ ಆ ಕುರಿಯ ಕಿವಿ ತಿರುಗಿಸಿದರು. ಹಳದಿ ಬಿಲ್ಲೆ. ನಂಬರು ಓದಿ ತಮ್ಮ ಪಟ್ಟಿ ನೋಡಿದರು. ಇಲ್ಲದ ಅರವತ್ತೊಂದರಲ್ಲಿ ಅದೊಂದು.

ಒಂದೂ ಬಿಟ್ಟಿಲ್ಲ ಎಂದಿರಲ್ಲ, ಎಂದು ನನ್ನತ್ತ ತಿರುಗಿದರು.

"ಬಿಟ್ಟಿಲ್ರೀ. ಕುರಿ ಒಂದೂ ಬಿಟ್ಟಿಲ್ಲ," ಎಂದೆ. ಬಾಯಿಂದ ಬಂದ ಮೇಲೆ ಆ ಮಾತು ನನಗೇ ಕೇಳಿಸಿತು.

ಇದನ್ನು ಇಲ್ಲಿ ಬರೆದಿಡುತ್ತೇನೆ. ಒಂದು ಕಿವಿಯನ್ನೂ ಬಿಡಬಾರದು ಎಂದು ದನದ ಡಾಕ್ಟರು ಹೇಳಿದ್ದರು, ಅದಕ್ಕೆ ಎಲ್ಲಕ್ಕೂ ಚುಚ್ಚಿದೆ. ಚೀಟಿ ಅಂದರೆ ಲೆಕ್ಕ. ಸ್ವಾಮಿ ಕುರಿಗೆ ಲೆಕ್ಕವಿಲ್ಲ, ಅದಕ್ಕೆ ಚೀಟಿ ಬರೆಯಲಿಲ್ಲ. ಬರೆಯಬೇಡ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಅವರು ಪಕ್ಕಕ್ಕೆ ಎತ್ತಿಕೊಂಡರು, ನಾನು ಕಡೆಗೆ ಅದಕ್ಕೆ ಬಿಲ್ಲೆ ಚುಚ್ಚಿ ಪೆನ್ನು ಜೇಬಿಗೆ ಹಾಕಿದೆ. ನಮ್ಮಪ್ಪ ಎಣಿಸಿದ್ದೂ ಹಾಗೆಯೇ. ಮೇಡಂ ಕೇಳಿದಾಗ ಅದು ನೆನಪಿಗೇ ಬರಲಿಲ್ಲ. ಮೂಗು ಇದೆಯಾ ಎಂದರೆ ಯಾರಾದರೂ ಮುಟ್ಟಿ ನೋಡಿಕೊಳ್ಳುತ್ತಾರೆಯೇ?

ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಇಂಥ ಕಾರಣ ತಮ್ಮ ಕೆಲಸದಲ್ಲಿ ಎಂದೂ ಸಿಕ್ಕಿರಲಿಲ್ಲ ಎಂದು ಸುಂಕೇಶನ ಬಲೆಯ ಪಕ್ಕ ಕುಳಿತು ನಕ್ಕರು. ವಾಪಸು ಬರುವಾಗ ಬೈಕಿನ ಹಿಂದಿನಿಂದ ಒಂದೇ ಮಾತು ಕೇಳಿದರು. ಶಿವಲೀಲಾಗೆ ನೀವು ಹೇಳುತ್ತೀರೋ, ನಾನು ಹೇಳಲೋ? ಗಾಳಿ ಜೋರಾಗಿತ್ತು. ಕೇಳಿಸಲಿಲ್ಲ.

ಫೆಬ್ರವರಿ 18, ಮಂಗಳವಾರ

ಗಂಟಲು ನೋವು. ಆಫೀಸಿಗೆ ಹೋಗಲಿಲ್ಲ.

ಫೆಬ್ರವರಿ 19, ಬುಧವಾರ

ಮೂರು ಉಪಾಯ ಹೊಳೆದಿವೆ. ಒಂದು, ಚೀಟಿ ಬರೆದದ್ದು ನಿಜ, ಚೀಲದ ತೂತಿನಿಂದ ಹಿಂಡಿಗೊಂದು ಬಿದ್ದಿವೆ. ಎರಡು, ಆ ಅರವತ್ತೊಂದು ಬಿಲ್ಲೆ ಡಬ್ಬಿಯಲ್ಲೇ ಬಂದಿರಲಿಲ್ಲ. ಮೂರು, ಸ್ವಾಮಿಯೇ ಕಂಪ್ಯೂಟರಿನಿಂದ ತನ್ನದನ್ನು ತೆಗೆದುಕೊಂಡಿದ್ದಾನೆ. ಮೂರನೆಯದು ಬಹಳ ಚೆನ್ನಾಗಿದೆ, ಯಾರೂ ಇಲ್ಲವೆನ್ನಲಾರರು. ಆದರೆ ಮೂರಕ್ಕೂ ಮೇಡಂ ಅಡ್ಡ. ನನ್ನ ಬಾಯಿಂದಲೇ ಬರಲಿ ಎಂದು ಸುಮ್ಮನಿದ್ದಾರೆ, ಅದು ನನಗೆ ಗೊತ್ತು. ಸಭೆಯವರೆಗೆ ಕಾಯುತ್ತಾರಂತೆ.

ಫೆಬ್ರವರಿ 20, ಗುರುವಾರ

ಅಕ್ಕನ ಮನೆಗೆ ಹೋಗಿದ್ದೆ. ಹೇಳಿಬಿಡೋಣವೆಂದೇ ಹೋದದ್ದು. ಅಕ್ಕ ಶೇಂಗಾ ಸುಲಿಯುತ್ತಿದ್ದಳು. ಶಿವಲೀಲಾ ನೆಲದ ಮೇಲೆ ನೋಟ್‌ಬುಕ್ ಹರಡಿಕೊಂಡು, ಯಾವ ದಿನ ಯಾವ ಹಿಂಡಿನ ಚೀಟಿ ಹಾಕಿದೆ, ಕರೆಂಟು ಯಾವಾಗ ಹೋಯಿತು, ಊಟಕ್ಕೆ ಯಾವಾಗ ಎದ್ದೆ ಎಂದು ಮೂರು ತಿಂಗಳನ್ನು ನೆನಪಿನಿಂದ ಬರೆಯುತ್ತಿದ್ದಳು.

"ತಪ್ಪು ನಂದಾ ಇರ್ಬೇಕು ಮಾವ," ಎಂದಳು ತಲೆ ಎತ್ತದೆ. "ನೀ ಅಂತೂ ಒಂದೂ ಬಿಟ್ಟಿಲ್ಲ."

ಅಕ್ಕ ಟೀ ಕೊಟ್ಟಳು. ಕುಡಿಯದೆ ಬಂದೆ.

ಫೆಬ್ರವರಿ 22, ಶನಿವಾರ

ಹನ್ನೊಂದು ಮಂದಿಯ ಕಮಿಟಿ. ಶಿವಲೀಲಾಳನ್ನು ಬಾಗಿಲ ಬಳಿ ಕೂರಿಸಿದ್ದರು. ಲಕ್ಷ್ಮಿಕಾಂತ್ ಅವಳ ಮೇಲಿನ ಕಾಗದ ಓದಲು ಕನ್ನಡಕ ಹಾಕಿದ. ಅದಕ್ಕೆ ಮೊದಲು ಚೀಟಿ ಬರೆದವರು ಮಾತಾಡಲಿ ಎಂದರು ಮೇಡಂ.

ಎದ್ದು ನಿಂತೆ. ನಾಲ್ಕು ಜನರ ಮುಂದೆ ಮಾತು ನಿಂತದ್ದು ನನ್ನ ಜನ್ಮದಲ್ಲಿಲ್ಲ, ಇವತ್ತು ಒಂದು ಗುಟುಕು ನೀರು ಬೇಕಾಯಿತು.

"ಆ ಅರವತ್ತೊಂದು ಚೀಟಿ ನಾ ಬರದೇ ಇಲ್ಲ," ಎಂದೆ. "ನಾ ಕೊಡದಿದ್ದು ಆಕಿ ಎಲ್ಲಿಂದ ಹಾಕ್ಬೇಕು? ಸೋಮವಾರದಿಂದ ನಂಗ ಗೊತ್ತಿತ್ತು. ಹೇಳಲಿಲ್ಲ."

"ಒಂದೂ ಬಿಟ್ಟಿಲ್ಲಂತ ಎದಿ ಬಡ್ಕೊಂಡಿದ್ದೆಲ್ಲಪ," ಎಂದ ಲಕ್ಷ್ಮಿಕಾಂತ್.

"ಬಡ್ಕೊಂಡಿದ್ದೆ."

ಬಿಟ್ಟದ್ದು ಯಾಕೆ ಎಂದು ಕೇಳಿದರು. ಸ್ವಾಮಿ ಕುರಿಗಳು ಎಂದೆ. ಹನ್ನೊಂದು ಮಂದಿಯೂ ಕುರಿಯವರೇ, ಹನ್ನೊಂದು ಮಂದಿಯೂ ತಮ್ಮ ತಮ್ಮದನ್ನು ನನ್ನ ಮುಂದೆಯೇ ಪಕ್ಕಕ್ಕೆ ಎತ್ತಿಕೊಂಡವರು. ಅಧ್ಯಕ್ಷರು ಬಹಳ ಹೊತ್ತು ಫ್ಯಾನು ನೋಡಿದರು. ಲಕ್ಷ್ಮಿಕಾಂತ್ ಕಾಗದ ಮಡಚಿ, ಕೀಲಿಕೈಯನ್ನು ಮೇಜಿನ ಮೇಲೆ ತಳ್ಳಿದ.

ಅಲ್ಲಿಗೇ ಮುಗಿಯಲಿಲ್ಲ. ಕಾರಣ ಸಿಕ್ಕಿತು, ಕುರಿ ಸಿಕ್ಕಲಿಲ್ಲ ಎಂದರು ಮೇಡಂ. ಮಾರ್ಚ್ ಎಂಟರೊಳಗೆ ಖಾಲಿ ನಂಬರು ತುಂಬದಿದ್ದರೆ ಶಿವಲೀಲಾ ನೋಡಿಕೊಳ್ಳುವ ಮಾಹಿತಿ ಪೂರ್ಣವಲ್ಲ ಎಂದೇ ವರದಿ ಹೋಗುತ್ತದೆ. ಹಾಗೆ ಹೋದರೆ ಮೇಲಿನವರು ಕಾರಣದ ಪುಟ ಓದುವುದಿಲ್ಲ, ಅವಳ ಹೆಸರು ಓದುತ್ತಾರೆ. ಆದರೆ ಸ್ವಾಮಿದನ್ನು ಲೆಕ್ಕಕ್ಕೆ ಬರೆಸಲು ಕಮಿಟಿಯಲ್ಲಿ ಒಬ್ಬರಿಗೂ ಧೈರ್ಯವಿಲ್ಲ. ನಾಗಲದಿನ್ನೆಯ ಲಿಂಗಕ್ಕ ಒಪ್ಪಿದರೆ ಎಲ್ಲರೂ ಒಪ್ಪುತ್ತಾರೆ ಎಂದರು. ನಮ್ಮಲ್ಲಿ ಎಲ್ಲರಿಗಿಂತ ದೊಡ್ಡ ಹಿಂಡು ಅವಳದು, ಎಲ್ಲರಿಗಿಂತ ದೊಡ್ಡ ವಯಸ್ಸೂ ಅವಳದು. ಇದಾದ ಮೇಲೆ ಬಿಲ್ಲೆ ಚುಚ್ಚುವ ಇಕ್ಕಳವನ್ನು ನಾನು ಒಪ್ಪಿಸಿಬಿಡಬೇಕಂತೆ.

ಶಿವಲೀಲಾ ಕೀಲಿಕೈ ತೆಗೆದುಕೊಂಡು ನನ್ನ ಪಕ್ಕದಿಂದಲೇ ಹೋದಳು. ಮಾತಾಡಿಸಲಿಲ್ಲ. ಅವಸರವಿರಬೇಕು.

ಫೆಬ್ರವರಿ 24, ಸೋಮವಾರ

ನಾಗಲದಿನ್ನೆ. ತುಂಗಭದ್ರೆಯ ದಂಡೆಯಲ್ಲಿ ಲಿಂಗಕ್ಕ ಕಂಬಳಿ ಹಾಸಿ ಕುಳಿತಿದ್ದಳು. ಜೀಪಿನಲ್ಲಿ ಮೇಡಂ, ಶಿವಲೀಲಾ, ನಾನು. ದಾರಿಯುದ್ದಕ್ಕೂ ಶಿವಲೀಲಾ ಕಿಟಕಿಯ ಹೊರಗೆ ನೋಡಿದಳು. ನಾನೂ ನೋಡಿದೆ, ಅಲ್ಲಿ ಏನೂ ಇರಲಿಲ್ಲ.

ಮಾತಿಗೆ ನಾನೇ ಮೊದಲು ಬಾಯಿ ಹಾಕಿದೆ. ಆಡಿಟ್ ಎಂದರೇನು, ಅದರ ಮಹತ್ವವೇನು ಎಂದು ಶುರು ಮಾಡಿದ್ದೆ ಅಷ್ಟೆ.

"ನಿಮ್ಮಪ್ಪ ಮಾತಾಡಿದ್ರ ಕುರಿ ಸೈತ ಮೇಯೋದು ಬಿಟ್ಟು ಕೇಳ್ತಿದ್ವು," ಎಂದಳು ಲಿಂಗಕ್ಕ. "ನಿನ್ ಮಾತಿಗಿ ಎದ್ದು ಹೋಗ್ತಾವ. ಆ ಹುಡುಗಿ ಹೇಳಲಿ."

ಶಿವಲೀಲಾ ಅವಳ ಮುಂದೆ ಮಂಡಿಯೂರಿ ಕುಳಿತು ಹೇಳಿದಳು. ಕಂಪ್ಯೂಟರಿನಲ್ಲಿ ಪ್ರತಿ ಕುರಿಗೂ ಬೇರೆ ಬೇರೆ ಪುಟ ಇದೆ. ಅದರ ನಂಬರು, ಬಣ್ಣ, ಯಾವ ತಾಯಿಯದು, ಯಾವ ಸೂಜಿ ಬಿತ್ತು, ಎಲ್ಲ. ಆಗ ತಾನೆ ಎದುರಿಗಿದ್ದ ಒಂದು ಕಪ್ಪು ಮೂತಿಯ ಕುರಿಯ ಪುಟವನ್ನು ಫೋನಿನಲ್ಲಿ ತೆಗೆದು ತೋರಿಸಿದಳು. ಲಿಂಗಕ್ಕ ಫೋನನ್ನೂ ಕುರಿಯನ್ನೂ ಸರದಿಯಂತೆ ನೋಡಿದಳು.

"ಒಂದೊಂದಾ ಬರೀತೈತೇನು? ನಾನೂ ಒಂದೊಂದಾ ನೋಡ್ತೀನಿ, ಅದ್ರಾಗ ದೋಷ ಇಲ್ಲ. ಕೂಡಸಬ್ಯಾಡ್ರಿ. ಕೂಡಿಸಿ ಇಷ್ಟು ಅಂತ ನನ್ ಮುಂದ ಅನಬ್ಯಾಡ್ರಿ. ಸ್ವಾಮಿದು ಬರಕೋ ಹೋಗು."

ಮೇಡಂ ಹೊಳೆ ನೋಡುತ್ತ ಯೋಚಿಸಿದರು. ಎಲ್ಲ ಇವೆಯೋ ಇಲ್ಲವೋ ಎಂದು ತಿಳಿಯಲು ಮೊತ್ತವೇ ಬೇಕೆಂದಿಲ್ಲ, ಸಾಲಿನ ನಡುವೆ ಖಾಲಿ ಇಲ್ಲದಿದ್ದರೆ ಸಾಕು ಎಂದರು. ಕುರಿಯವರಿಗೆ ಕೊಡುವ ಕಾಗದದ ಕೆಳಗೆ ಒಟ್ಟು ಇಷ್ಟು ಎಂದು ಬರುವ ಸಾಲನ್ನು ತೆಗೆಸಬಹುದು, ಪರದೆಯ ಮೇಲಿನದಕ್ಕೆ ಸ್ವಲ್ಪ ದಿನ ಹಿಡಿಯುತ್ತದೆ ಎಂದಳು ಶಿವಲೀಲಾ. ತನ್ನದನ್ನು ಕಡೆಗೆ ಹಾಕು, ತಾನೇ ಬಂದು ನೋಡುತ್ತೇನೆ ಎಂದಳು ಲಿಂಗಕ್ಕ. ಎಷ್ಟು ಚೊಕ್ಕ ದಾರಿ! ಇಂಥದ್ದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ, ಆದರೂ ಹೊಟ್ಟೆ ತುಂಬಿದಂತಿದೆ.

ಫೆಬ್ರವರಿ 26, ಬುಧವಾರ

ಶಿವರಾತ್ರಿ. ಉಪವಾಸ. ಒಂಬತ್ತು ಹಿಂಡಿನ ಸ್ವಾಮಿ ಕುರಿಗೆ ಚೀಟಿ ಬರೆದೆ.

ಮಾರ್ಚ್ 1, ಶನಿವಾರ

ಮೂವತ್ತನಾಲ್ಕು ಆದವು. ಬೈಕು ಹೋಗದ ಕಡೆಯೇ ಹೆಚ್ಚು. ನಂಬರನ್ನು ಎರಡು ಸಲ ಓದುತ್ತೇನೆ. ಮೊದಲು ಹಾಗೆ ಓದುತ್ತಿರಲಿಲ್ಲ ಎಂದಲ್ಲ. ಓದುತ್ತಿರಲಿಲ್ಲ. ಒಂದು ಬಿಲ್ಲೆಯ ಮೂರು ಎಂಟಿನಂತೆ ಕಂಡಿತು, ಉಗುಳು ಹಚ್ಚಿ ಒರೆಸಿ ನೋಡಿದೆ, ಮೂರೇ. ಜೊತೆಗೆ ಕುರಿಯ ಗುರುತೂ ಬರೆದುಕೊಳ್ಳುತ್ತಿದ್ದೇನೆ, ಎಡಗಿವಿ ಹರಿದದ್ದು, ಮೊಣಕಾಲು ಕಪ್ಪು, ಮನುಷ್ಯರನ್ನು ನೆಕ್ಕುವುದು. ನೆಕ್ಕುವುದಕ್ಕೆ ಕಂಪ್ಯೂಟರಿನಲ್ಲಿ ಜಾಗ ಇದೆಯೋ ಇಲ್ಲವೋ. ಶಿವಲೀಲಾಳನ್ನು ಕೇಳಬೇಕು, ಮಾತಾಡಿಸಿದರೆ.

ಮಾರ್ಚ್ 5, ಬುಧವಾರ

ಮಾಧವರಂ ಹತ್ತಿರದ ಒಂದು ಹಿಂಡು ಮೇವಿಗಾಗಿ ಹೊಳೆ ದಾಟಿದೆ. ನಾನೂ ದಾಟಿದೆ. ಆ ದಂಡೆಯಲ್ಲಿ ಎರಡು ಊರು ಕೇಳಿಕೊಂಡು, ಮಧ್ಯಾಹ್ನದ ಬಿಸಿಲಿಗೆ ಜಾಲಿಗಿಡಗಳ ನಡುವೆ ಹಿಡಿದೆ. ಅಲ್ಲಿನ ಒಬ್ಬ ನನ್ನ ಚೀಲ, ಪೆನ್ನು ನೋಡಿ ಏನು ಆಫೀಸರ್ರಾ ಎಂದ. ಚೀಟಿ ಬರೆಯುವವನು ಎಂದೆ. ಅವನು ಮಜ್ಜಿಗೆ ಕೊಟ್ಟ. ಅರವತ್ತು ಮುಗಿದವು. ಉಳಿದದ್ದು ಲಿಂಗಕ್ಕನದು, ಅದನ್ನು ನಾಡಿದ್ದು.

ಮಾರ್ಚ್ 8, ಶನಿವಾರ

ಮೊದಲ ಬಸ್ಸಿಗೇ ಲಿಂಗಕ್ಕ ಬಂದಳು. ಆಫೀಸಿನ ಕುರ್ಚಿ ಬೇಡವೆಂದು ನೆಲಕ್ಕೆ ಕಂಬಳಿ ಹಾಸಿ ಕುಳಿತಳು. ನಾನು ಇಕ್ಕಳವನ್ನು ಲಕ್ಷ್ಮಿಕಾಂತನ ಮೇಜಿನ ಮೇಲಿಟ್ಟು, ನನ್ನ ಚೀಟಿಗಳೊಂದಿಗೆ ಶಿವಲೀಲಾಳ ಪಕ್ಕ ನಿಂತೆ. ಮೇಡಂ ಹಿಂದೆ.

ನಾನು ಓದುವುದು, ಅವಳು ಹಾಕುವುದು. ಒಂದು ಮುಗಿದರೆ "ಹೇಳ್ರಿ" ಎನ್ನುತ್ತಾಳೆ. ತನ್ನ ಮಾವನಿಗೆ ರಿ. ಹದಿನೈದು ದಿನದಲ್ಲಿ ಆಡಿದ ಮಾತೇ ಅದು. ಹೇಳಿದೆ. ಬೇರೆ ಒಂದು ಮಾತೂ ಸೇರಿಸಲಿಲ್ಲ, ಹೊಳೆ ದಾಟಿದ ಕಥೆಯನ್ನೂ ಹೇಳಲಿಲ್ಲ. ಒಂದು ನಂಬರಿನ ಹತ್ತಿರ ಅವಳು ಚೀಟಿಯನ್ನೇ ನನ್ನ ಕೈಯಿಂದ ತೆಗೆದುಕೊಂಡು ಓದಿದಳು. ಮನುಷ್ಯರನ್ನು ನೆಕ್ಕುವುದು. ಅವಳ ತುಟಿ ಅಲುಗಿತು. ಕಂಪ್ಯೂಟರಿನಲ್ಲಿ ಇತರೆ ಎಂಬ ಜಾಗದಲ್ಲಿ ಅದನ್ನು ಹಾಗೇ ಹಾಕಿದಳು.

"ಮುಂದಿಂದು ಹೇಳು ಮಾವ."

ಮುಂದಿನದನ್ನು ತಪ್ಪು ಓದಿದೆ. ಮತ್ತೆ ಓದಬೇಕಾಯಿತು.

ಕಡೆಗೆ ಲಿಂಗಕ್ಕನ ಸ್ವಾಮಿದು. ಅದನ್ನು ಹಾಕಿದ ಕೂಡಲೇ ಅವಳ ಹಿಂಡೆಲ್ಲ ಪರದೆಯ ಮೇಲೆ ಸಾಲಾಗಿ ಬಂತು. ಲಿಂಗಕ್ಕ ಎದ್ದು ಬಂದು ನಮ್ಮಿಬ್ಬರ ನಡುವೆ ತಲೆ ತೂರಿಸಿದಳು. ಒಟ್ಟು ಎಂದು ಬರುವ ಬಲಗಡೆಯ ಮೂಲೆಯನ್ನು ಶಿವಲೀಲಾ ಅಂಗೈಯಿಂದ ಮುಚ್ಚಿ, ಇನ್ನೊಂದು ಕೈಯಲ್ಲಿ ಇಲ್ಲದ್ದನ್ನು ಹುಡುಕುವ ಗುಂಡಿ ಒತ್ತಿದಳು.

ಸಾಲುಗಳೆಲ್ಲ ಹೋದವು. ಪರದೆ ಬೆಳ್ಳಗೆ ನಿಂತಿತು. ಅರವತ್ತೊಂದು ಇದ್ದ ಕಡೆ ಒಂದು ಅಂಕಿಯೂ ಇಲ್ಲ. ಮೇಡಂ ಉಸಿರು ಬಿಟ್ಟದ್ದು ನನ್ನ ಕತ್ತಿಗೆ ತಾಗಿತು. ಏನೂ ಇಲ್ಲದ್ದನ್ನು ನೋಡಿ ಮನುಷ್ಯನಿಗೆ ಇಷ್ಟು ಸಂತೋಷವಾಗುವುದುಂಟೇ.

"ಏನೂ ಕಾಣವಲ್ದು, ಕೆಟ್ಟೋಯ್ತೇನು?" ಎಂದಳು ಲಿಂಗಕ್ಕ.

"ಇಲ್ಲವ್ವ," ಎಂದಳು ಶಿವಲೀಲಾ, ಮೂಲೆಯ ಮೇಲಿನ ಅಂಗೈ ಇನ್ನೂ ತೆಗೆಯದೆ. "ಎಲ್ಲಾ ಅದಾವ."